ನೆನಪಿಗೊಂದು ಗರ: ಮಿದುಳಿನ ಪರೀಕ್ಷೆಯನ್ನು ಆಟವಾಗಿಸುವುದು ಹೇಗೆ?

‘ನೂರರಲ್ಲಿ ಏಳು ಕಳೆದರೆ ಎಷ್ಟು? ಅದರಲ್ಲಿ ಮತ್ತೆ ಏಳು ಕಳೆಯಿರಿ. ಇನ್ನೂ ಏಳು...’

ಅರಸೀಕೆರೆಯ ಮಾರುಕಟ್ಟೆಯಲ್ಲಿ ಆಯುಷ್ಯವೆಲ್ಲ ಉಂಡೆಕೊಬ್ಬರಿ ತೂಗಿ, ಕ್ವಿಂಟಲ್ ದರ, ಚೀಲದ ತೂಕ, ಹಮಾಲಿ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕಿದ ಹಿರಿಯರೊಬ್ಬರ ಮುಂದೆ ಈ ಪ್ರಶ್ನೆ ಇಟ್ಟು ನೋಡಿ. ಮೂರನೇ ಏಳಿಗೆ ಬರುವಷ್ಟರಲ್ಲಿ ‘ಏನಪ್ಪಾ, ಈ ವಯಸ್ಸಲ್ಲಿ ನನ್ನ ಇಸ್ಕೂಲಿಗೆ ಸೇರಿಸ್ತೀಯಾ?’ ಎಂದು ಎದ್ದು ಹೊರಟಾರು. ಪರೀಕ್ಷಕರ ಹಾಳೆಯಲ್ಲಿ ಮಾತ್ರ ಅವರಿಗೆ ಬಿದ್ದದ್ದು 5ಕ್ಕೆ 2. ಅವರಿಗೆ ಲೆಕ್ಕ ಬರಲಿಲ್ಲವೋ, ಬೇಸರ ಬಂತೋ ಎನ್ನುವುದನ್ನು ಆ ಹಾಳೆ ಹೇಳುವುದಿಲ್ಲ.

ಇದು 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಅವರ ಸಂಗಡಿಗರು ರೂಪಿಸಿದ, ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ 30 ಅಂಕದ ಪರೀಕ್ಷೆಯ ಒಂದು ಪ್ರಶ್ನೆ. ಬೇಸರಪಟ್ಟುಕೊಂಡವರ ಉತ್ತರವೂ ಮರೆವಿನವರ ಉತ್ತರವೂ ಅಲ್ಲಿ ಒಂದೇ ಥರ ಕಾಣುತ್ತವೆ. ಮಿದುಳಿನ ಪರೀಕ್ಷೆಗೂ ತರಬೇತಿಗೂ ಆಟದ ರೂಪ ಕೊಡಬೇಕೆಂದು ಸಂಶೋಧಕರು ಹಟ ಹಿಡಿದಿರುವುದು ಇದೇ ಕಾರಣಕ್ಕೆ. ಮನಸ್ಸಿಟ್ಟು ಆಡಿದವರ ಅಂಕವನ್ನಷ್ಟೇ ನಂಬಬಹುದು.

ಈ ಲೇಖನ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ಮನೆಯ ಹಿರಿಯರನ್ನು ನೋಡಿಕೊಳ್ಳುವವರಿಗೆ, ಹಿರಿಯ ನಾಗರಿಕರ ಕೂಟ ನಡೆಸುವವರಿಗೆ, ಆಶಾ ಕಾರ್ಯಕರ್ತೆಯರಿಗೆ. ಮೊಬೈಲಿನಲ್ಲಿ ‘ಮಿದುಳು ಚುರುಕಾಗಿಸುವ’ ಆ್ಯಪ್‌ಗೆ ದುಡ್ಡು ಕಟ್ಟಲು ಹೊರಟವರೂ ಓದಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಣ್ಣ, ಸದ್ದು, ನಕ್ಷತ್ರ ಸೇರಿಸಿದ ಮಾತ್ರಕ್ಕೆ ಪರೀಕ್ಷೆ ಆಟವಾಗುವುದಿಲ್ಲ. ಆಡುವವರಿಗೆ ಗೊತ್ತಿರುವ ಲೋಕದಿಂದ ಸಾಮಗ್ರಿ ತಂದು, ಕಷ್ಟವನ್ನು ಅವರವರ ಅಳತೆಗೆ ಕೊಟ್ಟರೆ ಆಗುತ್ತದೆ. ಆ ಸಾಮಗ್ರಿ ನಮ್ಮಲ್ಲಿ ಬೇಕಾದಷ್ಟಿದೆ.

ಓದು ಬಾರದವರಿಗೆ ಪರೀಕ್ಷೆ

ಪಾಶ್ಚಾತ್ಯ ಪರೀಕ್ಷೆಗಳು ನಮ್ಮ ಹಳ್ಳಿಗಳಿಗೆ ಹೊಂದುವುದಿಲ್ಲ ಎಂಬುದು ಸಂಶೋಧಕರಿಗೂ ಬಹಳ ಹಿಂದೆಯೇ ಅರಿವಾಗಿತ್ತು. ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದ ತಂಡವೊಂದು 1995ರಲ್ಲಿ ಅದೇ 30 ಅಂಕದ ಪರೀಕ್ಷೆಗೆ ಹಿಂದಿ ರೂಪ ಕೊಟ್ಟಿತು. ನೂರರಿಂದ ಏಳೇಳು ಕಳೆಯುವ ಬದಲು ಇಪ್ಪತ್ತರಿಂದ ಮೂರು ಮೂರು ಕಳೆಯುವುದು, ಇಂಗ್ಲಿಷ್ ಪದದ ಕಾಗುಣಿತವನ್ನು ತಿರುಗಿಸಿ ಹೇಳುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳುವುದು, ಒಂದು ವಾಕ್ಯ ಬರೆಯುವ ಬದಲು ‘ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ’ ಎನ್ನುವುದು. ಅಳೆಯುವ ಸಾಮರ್ಥ್ಯ ಬದಲಾಗಲಿಲ್ಲ, ಸಾಮಗ್ರಿ ಮಾತ್ರ ಹಳ್ಳಿಯದಾಯಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹಲವು ಭಾರತೀಯ ಭಾಷೆಗಳಿಗೆ ಹೊಂದುವ ಪರೀಕ್ಷಾ ಸಂಪುಟವೊಂದನ್ನು ಸಿದ್ಧಪಡಿಸಿತು. ಕನ್ನಡವೂ ಅದರಲ್ಲಿದೆ.

ಕರ್ನಾಟಕದಲ್ಲೇ ಈ ಕೆಲಸ ದೊಡ್ಡದಾಗಿ ನಡೆಯುತ್ತಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಅಲ್ಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸುತ್ತಿದೆ. 10,000 ಜನರ ಗುರಿ ಇಟ್ಟುಕೊಂಡ ಅಧ್ಯಯನ ಅದು. ರಕ್ತ ಪರೀಕ್ಷೆ, ಎಂಆರ್‌ಐ ಜೊತೆಗೆ ಕಂಪ್ಯೂಟರ್ ಪರದೆಯ ಮೇಲೆ ನೆನಪು, ಗಮನ, ಭಾಷೆಗಳ ಪರೀಕ್ಷೆಯೂ ಇದೆ. ಜೀವಮಾನದಲ್ಲಿ ಕಂಪ್ಯೂಟರ್ ಮುಟ್ಟದ ರೈತರು ಪರದೆಯ ಮುಂದೆ ಕೂರಬಲ್ಲರು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಕೂರಿಸುವ ಕ್ರಮ ಗೊತ್ತಿರಬೇಕು, ಅಷ್ಟೆ.

ದೇಶದಲ್ಲಿ 60 ದಾಟಿದವರಲ್ಲಿ 7.4% ಜನರಿಗೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆಯ ಯಾವುದಾದರೊಂದು ರೂಪ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಸುಮಾರು 88 ಲಕ್ಷ ಮಂದಿ. ‘ವಯಸ್ಸಾಯ್ತು, ಅರಳುಮರಳು’ ಎಂದು ಸುಮ್ಮನಾಗುವ ಮನೆಗಳು ಇದರಲ್ಲಿ ಎಷ್ಟಿರಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ಪರೀಕ್ಷೆ ಬೇರೆ, ತರಬೇತಿ ಬೇರೆ

ಬಹುತೇಕ ಆ್ಯಪ್‌ಗಳು ಜನರನ್ನು ದಾರಿ ತಪ್ಪಿಸುವುದು ಇಲ್ಲಿಯೇ. ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಹೊತ್ತು, ಒಂದೇ ರೀತಿಯ ಸೂಚನೆ ಇರಬೇಕು. ಸರಿ–ತಪ್ಪು ಹೇಳುವಂತಿಲ್ಲ, ಸುಳಿವು ಕೊಡುವಂತಿಲ್ಲ. ತರಬೇತಿಯಲ್ಲಿ ಎಲ್ಲವೂ ತದ್ವಿರುದ್ಧ. ಕಷ್ಟ ಆಗಾಗ ಬದಲಾಗಬೇಕು, ತಪ್ಪಿದ್ದು ತಕ್ಷಣ ತಿಳಿಯಬೇಕು, ಸುಳಿವು ಧಾರಾಳವಾಗಿ ಸಿಗಬೇಕು. ದಿನಾ ಆಡಿದ ಆಟದಲ್ಲಿ ಅಂಕ ಏರಿತೆಂದರೆ ಆ ಆಟ ಕೈಗೆ ಹತ್ತಿತು ಎಂದರ್ಥ. ನೆನಪಿನ ಶಕ್ತಿಯೇ ಏರಿತು ಎಂದೇನಲ್ಲ. ಅದೇ ಆಟವನ್ನು ಆಮೇಲೆ ಪರೀಕ್ಷೆಯಾಗಿ ಬಳಸಿದರೆ ಆ ಅಂಕಕ್ಕೆ ಬೆಲೆಯಿಲ್ಲ.

ಪರೀಕ್ಷೆಯನ್ನು ಆಟದಂತೆ ಸಿಂಗರಿಸಿದರೂ ಒಂದು ಅಪಾಯವಿದೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2016ರಲ್ಲಿ ಮಿದುಳಿನ ಒಂದೇ ಪರೀಕ್ಷೆಯನ್ನು ಮೂರು ವೇಷದಲ್ಲಿ ಕೊಟ್ಟು ನೋಡಿದರು: ಬರಿಯ ಪರೀಕ್ಷೆ, ಅಂಕ ಬೀಳುವ ಪರೀಕ್ಷೆ, ಕಥೆ–ಚಿತ್ರಗಳಿಂದ ಆಟದಂತೆ ಕಾಣುವ ಪರೀಕ್ಷೆ. ಜನರಿಗೆ ಹಿಡಿಸಿದ್ದು ಅಂಕ ಬೀಳುವಂಥದ್ದು. ಅದರ ಫಲಿತಾಂಶವೂ ಕೆಡಲಿಲ್ಲ. ಚಿತ್ರಾಲಂಕಾರದ ಆಟದಲ್ಲಿ ಮಾತ್ರ ತಪ್ಪುಗಳು ಹೆಚ್ಚಿದವು. ಕಣ್ಣಿಗೆ ಹಬ್ಬವಾದದ್ದು ಗಮನಕ್ಕೆ ಅಡ್ಡಿಯಾಗಿತ್ತು.

ಹಾಗೆಂದು ಪರೀಕ್ಷೆ ಆಟವಾಗುವುದೇ ಇಲ್ಲವೆಂದಲ್ಲ. 2016ರಲ್ಲಿ ಬಿಡುಗಡೆಯಾದ ‘ಸೀ ಹೀರೋ ಕ್ವೆಸ್ಟ್’ ಎಂಬ ಮೊಬೈಲ್ ಆಟದಲ್ಲಿ ನಕ್ಷೆ ನೋಡಿ ನೆನಪಿಟ್ಟುಕೊಂಡು ದೋಣಿ ನಡೆಸಬೇಕು. ಲಂಡನ್ನಿನ ಸಂಶೋಧಕರು ಇದರ ಹಿಂದಿದ್ದರು. ಸುಮಾರು 40 ಲಕ್ಷ ಜನ ಆಡಿದರು. ಅಷ್ಟು ಜನರನ್ನು ಯಾವ ಪ್ರಯೋಗಾಲಯಕ್ಕೂ ಕರೆತರಲಾಗದು. ಆಲ್ಝೈಮರ್‌ನ ಅಪಾಯ ಹೆಚ್ಚಿಸುವ ಒಂದು ವಂಶವಾಹಿ ಇರುವವರು, ಮಾಮೂಲು ನೆನಪಿನ ಪರೀಕ್ಷೆಯಲ್ಲಿ ಚೆನ್ನಾಗಿಯೇ ಇದ್ದರೂ ಈ ಆಟದಲ್ಲಿ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದರೆಂದು 2019ರಲ್ಲಿ ಕಂಡುಬಂತು. 2022ರಲ್ಲಿ ಮತ್ತೊಂದು ಸಂಗತಿ ಹೊರಬಿತ್ತು. ನಗರದ ಹೊರಗೆ ಬೆಳೆದವರು ದಾರಿ ಹುಡುಕುವುದರಲ್ಲಿ ನಗರದವರಿಗಿಂತ ಮುಂದು. ಚೌಕಚೌಕದ ನೇರ ಬೀದಿಗಳ ನಗರಗಳಲ್ಲಿ ಬೆಳೆದವರು ಅದರಲ್ಲೂ ಹಿಂದು. ಹಳೇಬೀಡಿನ ಹೊಲದ ಬದುಗಳಲ್ಲಿ ಓಡಾಡಿ ಬೆಳೆದವರು ಇದನ್ನು ಓದಿ ಮೀಸೆ ತಿರುವಿದರೆ ತಪ್ಪೇನೂ ಇಲ್ಲ.

ಎರಡು ಸರಿಗೆ ಮೇಲೆ, ಒಂದು ತಪ್ಪಿಗೆ ಕೆಳಗೆ

ಈಗ ಕೈಯಾರೆ ಒಂದು ಆಟ ಮಾಡೋಣ. ಹೆಸರು ಸಂತೆ ಆಟ ಎಂದಿರಲಿ.

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ 20 ಚೀಟಿ ಮಾಡಿಕೊಳ್ಳಿ. ಒಂದೊಂದರ ಮೇಲೆ ಸಂತೆಯ ಒಂದೊಂದು ಸಾಮಾನಿನ ಚಿತ್ರ: ಹಾಗಲಕಾಯಿ, ಬೆಲ್ಲದಚ್ಚು, ವೀಳ್ಯದೆಲೆ, ಹಗ್ಗ, ಊದುಬತ್ತಿ, ಮೊರ. ಚಿತ್ರ ಬಿಡಿಸುವ ಕೆಲಸ ಮೊಮ್ಮಕ್ಕಳಿಗೆ. ಮೂರು ಚೀಟಿಯಿಂದ ಶುರು. ಒಂದೊಂದಾಗಿ ತೋರಿಸಿ, ಹೆಸರು ಹೇಳಿಸಿ, ಬೋರಲು ಹಾಕಿ. ಆಮೇಲೆ ಒಂದೆರಡು ನಿಮಿಷ ಬೇರೆ ಕೆಲಸ. ಹುಣಸೆಹಣ್ಣಿನ ಬೀಜ ಬಿಡಿಸುವುದಾದರೂ ಸರಿ, ಚಿಲ್ಲರೆ ಎಣಿಸುವುದಾದರೂ ಸರಿ. ಈ ಎಡೆ ತಪ್ಪದೆ ಬೇಕು. ಇಲ್ಲದಿದ್ದರೆ ನಾಲಿಗೆಯ ಮೇಲೆ ಉಳಿದದ್ದನ್ನು ಒಪ್ಪಿಸಿದ್ದಾಗುತ್ತದೆ, ನೆನಪಿನಿಂದ ತೆಗೆದದ್ದಾಗುವುದಿಲ್ಲ. ಆನಂತರ ‘ಸಂತೇಲಿ ಏನೇನು ತಂದೆ?’ ಎಂದು ಕೇಳಿ.

ಸತತ ಎರಡು ಸಲ ಎಲ್ಲವನ್ನೂ ಸರಿಯಾಗಿ ಹೇಳಿದರೆ ಒಂದು ಚೀಟಿ ಹೆಚ್ಚಿಸಿ. ಒಂದು ಸಲ ತಪ್ಪಿದರೆ ಒಂದು ಚೀಟಿ ಇಳಿಸಿ. ಇದು ನನ್ನ ಕಲ್ಪನೆಯ ನಿಯಮವಲ್ಲ. ಶ್ರವಣ ಪರೀಕ್ಷೆಗೆ ಸಂಬಂಧಿಸಿದಂತೆ 1971ರಲ್ಲಿ ಲೆವಿಟ್ ಎಂಬ ವಿಜ್ಞಾನಿ ವಿವರಿಸಿದ ವಿಧಾನ. ಹೀಗೆ ಏರಿಳಿಸುತ್ತ ಹೋದರೆ ಆಡುವವರು ಸುಮಾರು 71% ಸಲ ಗೆಲ್ಲುವ ಮಟ್ಟದಲ್ಲಿ ಆಟ ತಾನಾಗಿ ನಿಲ್ಲುತ್ತದೆ. ಅಂದರೆ ಹತ್ತರಲ್ಲಿ ಏಳು ಗೆಲುವು, ಮೂರು ಸೋಲು. ಸದಾ ಗೆದ್ದರೆ ಆಟ ಸಪ್ಪೆ, ಸದಾ ಸೋತರೆ ಚೀಟಿ ಎಸೆದು ಎದ್ದುಬಿಡುತ್ತಾರೆ. ದುಬಾರಿ ಆ್ಯಪ್‌ಗಳ ಒಳಗೆ ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರಿನಲ್ಲಿ ನಡೆಯುವುದೂ ಎಷ್ಟೋ ಸಲ ಇದೇ ಏಣಿಯಾಟ.

ಮರೆತಾಗ ಉತ್ತರ ಹೇಳಿಬಿಡಬೇಡಿ, ಸುಳಿವು ಕೊಡಿ.

‘ಅಜ್ಜಿ, ಇನ್ನೊಂದೈತೆ. ಬಾಯಿಗೆ ಕಹಿ.’

‘ಹಾಗಲಕಾಯಿ ಕಣೋ! ನೀನು ತಿನ್ನಲ್ವಲ್ಲ, ಅದಕ್ಕೇ ಮರ್ತೆ.’

ಸುಳಿವಿಗೆ ನೆನಪಾದರೆ ವಿಷಯ ಒಳಗೆ ಇಳಿದಿತ್ತು, ಹುಡುಕುವುದು ತಡವಾಯಿತು ಎಂದರ್ಥ. ಸುಳಿವು ಕೊಟ್ಟರೂ ಬಾರದೆ ಹೋಗುವುದು, ತೋರಿಸದೇ ಇದ್ದ ಸಾಮಾನನ್ನು ತಂದೆನೆಂದು ಗಟ್ಟಿಯಾಗಿ ಹೇಳುವುದು ವಾರಗಟ್ಟಲೆ ಮುಂದುವರಿದರೆ ಬರೆದಿಟ್ಟುಕೊಳ್ಳಿ. ವೈದ್ಯರ ಬಳಿ ಹೋದಾಗ ಈ ಟಿಪ್ಪಣಿ ಅವರಿಗೆ ಉಪಯೋಗ. ರೋಗದ ಹೆಸರು ಮಾತ್ರ ನೀವು ಇಡಲು ಹೋಗಬೇಡಿ. ನೋಟುಬುಕ್ಕಿನಲ್ಲಿ ದಿನಾಂಕ, ಎಷ್ಟು ಚೀಟಿವರೆಗೆ ಹೋದರು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಇಷ್ಟು ಸಾಕು. ಅದನ್ನು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಅನಾಗರಿಕತೆ.

ವಾರದ ದಿನಗಳನ್ನು ತಿರುಗಿಸಿ ಹೇಳುವ ಪ್ರಶ್ನೆಗೆ ಅರಸೀಕೆರೆಯವರಿಗೆ ಇನ್ನೂ ಸೊಗಸಾದ ರೂಪವಿದೆ. ಜಂಕ್ಷನ್ ಊರಿನವರಿಗೆ ರೈಲಿನ ನಿಲ್ದಾಣಗಳು ಬಾಯಿಪಾಠ: ತಿಪಟೂರು, ಬಾಣಸಂದ್ರ, ಅಮ್ಮಸಂದ್ರ, ನಿಟ್ಟೂರು, ಗುಬ್ಬಿ, ತುಮಕೂರು. ಈಗ ತುಮಕೂರಿನಿಂದ ವಾಪಸ್ ಬನ್ನಿ. ಅದೂ ಸುಲಭವಾದರೆ ಒಂದು ಬಿಟ್ಟು ಒಂದು ಹೇಳಿ. ಸಾಮಗ್ರಿ ಗೊತ್ತಿದ್ದದ್ದೇ, ಕೆಲಸ ಮಾತ್ರ ಹೊಸದು. ಒಳ್ಳೆಯ ಆಟದ ವಿನ್ಯಾಸಕಾರರು ಮಾಡುವುದೂ ಇದನ್ನೇ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂಬ ಆಸ್ಪತ್ರೆಯ ಪ್ರಶ್ನೆಯನ್ನು ತರಕಾರಿಗೋ ಊರಿನ ಹೆಸರುಗಳಿಗೋ ತಿರುಗಿಸಿ, ಎರಡು ಗುಂಪು ಮಾಡಿ ಆಡಿಸಬಹುದು.

ಕವಡೆಯ ಜಾಣತನ

ಚೌಕಾಬಾರ ನೋಡಿ. ಐದೈದರ ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಗರ ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಉಳಿಸಬೇಕು, ಎದುರಾಳಿ ಎಷ್ಟು ಮನೆ ಹಿಂದಿದ್ದಾನೆ ಎಂಬುದೆಲ್ಲ ಒಟ್ಟಿಗೇ ತಲೆಯಲ್ಲಿ ಓಡುತ್ತಿರಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಹಲವು ಮನೆಗಳಲ್ಲಿದೆ. ಹೀಗಾಗಿ ಬರಿಯ ಎಚ್ಚರಿಕೆಯಿಂದ ಗೆಲ್ಲಲಾಗದು. ಗರ ಬೀಳುವುದು ಅದೃಷ್ಟ, ಕಾಯಿ ನಡೆಸುವುದು ಜಾಣ್ಮೆ. ಈ ಬೆರಕೆಯಿಂದಲೇ ಹತ್ತು ವರ್ಷದ ಹುಡುಗಿಯೂ ಎಪ್ಪತ್ತರ ಅಜ್ಜಿಯೂ ಸಮಸಮವಾಗಿ ಆಡುತ್ತಾರೆ. ಸೋತವರು ಕವಡೆಯನ್ನು ಬೈದುಕೊಂಡು ಮತ್ತೆ ಕೂರುತ್ತಾರೆ. ಮೊಬೈಲ್ ಆಟದವರು ಇದೇ ಉಪಾಯಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರೆ.

ಅಳಿಗುಳಿಮನೆಯಲ್ಲಿ ಅದೃಷ್ಟಕ್ಕೆ ಜಾಗವಿಲ್ಲ. ಏಳೇಳು ಗುಳಿ, ಹುಣಸೆಬೀಜ. ಕೈಯಲ್ಲಿರುವ ಬೀಜ ಎಲ್ಲಿ ಮುಗಿಯುತ್ತದೆ ಎಂದು ಮುಂಚೆಯೇ ಎಣಿಸಿಟ್ಟುಕೊಳ್ಳಬೇಕು. ಬೆರಳಿಗೂ ಕೆಲಸ, ಮನಸ್ಸಿಗೂ ಕೆಲಸ. ಹುಲಿ–ಕುರಿ ಆಟದಲ್ಲಿ ಕುರಿಗಳ ಕಡೆಯವರು ತಕ್ಷಣದ ಆಸೆಗೆ ಬೀಳದೆ ನಾಲ್ಕು ನಡೆ ಮುಂದೆ ನೋಡಬೇಕು. ಈ ಆಟಗಳನ್ನು ಮರಳಿ ಬಳಕೆಗೆ ತರಲು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ವರ್ಷಗಳಿಂದ ದುಡಿಯುತ್ತಿದೆ. ಅದಕ್ಕೂ ಹಿಂದೆ, 19ನೇ ಶತಮಾನದಲ್ಲೇ, ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ರಚಿಸಿ, ‘ಶ್ರೀತತ್ತ್ವನಿಧಿ’ಯ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು.

ಗಮನದ ಪರೀಕ್ಷೆಯನ್ನು ಸಭೆಯ ರಂಜನೆಯಾಗಿಸಿದ ಕಲೆಯೂ ಕನ್ನಡದಲ್ಲಿ ಜೀವಂತವಾಗಿದೆ. ಅಷ್ಟಾವಧಾನದಲ್ಲಿ ಪದ್ಯ ಕಟ್ಟುವ ಅವಧಾನಿಗೆ ನಿಷೇಧಾಕ್ಷರಿಯವರು ಅಕ್ಷರ ಅಕ್ಷರಕ್ಕೂ ತಡೆ ಹಾಕುತ್ತಾರೆ, ಸಂಖ್ಯಾಬಂಧದವರು ಮಾಯಾಚೌಕದ ಮನೆಗಳನ್ನು ಅಡ್ಡಾದಿಡ್ಡಿ ಕೇಳುತ್ತಾರೆ, ಅಪ್ರಸ್ತುತ ಪ್ರಸಂಗದವರು ನಡುನಡುವೆ ಹರಟೆ ಎಳೆಯುತ್ತಾರೆ. ಮನಶ್ಶಾಸ್ತ್ರದ ಪ್ರಯೋಗಾಲಯದಲ್ಲಿ ಇವಕ್ಕೆ ತಡೆಹಿಡಿಯುವ ಶಕ್ತಿ, ಕಾರ್ಯನಿರತ ಸ್ಮೃತಿ, ಗಮನಭಂಗ ಎಂಬ ಹೆಸರುಗಳಿವೆ. ಶತಾವಧಾನಿ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ ನಡೆಸಿದ ಕನ್ನಡ ಶತಾವಧಾನಕ್ಕೆ ಜನ ಕಿಕ್ಕಿರಿದಿದ್ದರು. ಕೂಟಗಳಲ್ಲಿ ಇದರ ಪುಟ್ಟ ರೂಪ ಆಡಿಸಿ. ಒಬ್ಬರು ಐದು ಊರಿನ ಹೆಸರು ನೆನಪಿಟ್ಟುಕೊಂಡಿರಲಿ, ಮತ್ತೊಬ್ಬರು ಅವರನ್ನು ಮಾತಿಗೆಳೆಯಲಿ, ಇನ್ನೊಬ್ಬರು ಗಂಟೆ ಬಾರಿಸಲಿ. ಕೊನೆಗೆ ಊರುಗಳೆಷ್ಟು ಉಳಿದವು, ಗಂಟೆ ಎಷ್ಟು ಸಲ ಆಯಿತು ಎಂದು ಕೇಳಿ. ನಗು ಗ್ಯಾರಂಟಿ.

ಗುಡಿಯ ಸುತ್ತ ಒಂದು ಆಟ

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹತ್ತಿರದಲ್ಲೇ ಇರುವವರು ವರ್ಷಗಟ್ಟಲೆ ಒಳಗೆ ಕಾಲಿಡದಿರುವುದೂ ಉಂಟು. ಮುಂದಿನ ಸಲ ಹಿರಿಯರನ್ನು ಕರೆದುಕೊಂಡು ಹೋದಾಗ ಹೊಯ್ಸಳೇಶ್ವರದ ಹೊರಗೋಡೆಯ ಮುಂದೆ ನಿಲ್ಲಿ. ಕೆಳಗಿನಿಂದ ಪಟ್ಟಿಕೆಗಳನ್ನು ಓದಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣಕಥೆಗಳು, ಮಕರ, ಹಂಸ. ಕ್ರಮವನ್ನು ಒಂದು ಸುತ್ತು ಹಾಕುವಾಗ ಮನಸ್ಸಿನಲ್ಲಿಟ್ಟುಕೊಂಡು, ಬೇಲೂರಿನ ಬಸ್ಸಿನಲ್ಲಿ ಮೇಲಿನಿಂದ ಕೆಳಕ್ಕೆ ಹೇಳಬೇಕು. ಮಕ್ಕಳು ಒಂದು ಪಟ್ಟಿಕೆ, ಹಿರಿಯರು ಒಂದು ಪಟ್ಟಿಕೆ ಎಂದು ಸರದಿಯಂತೆ ಹೇಳಿದರೆ ಯಾರ ಮಾನವೂ ಹೋಗುವುದಿಲ್ಲ.

ದಾರಿಯ ನೆನಪಿಗೂ ಹಳೇಬೀಡು ಹೇಳಿ ಮಾಡಿಸಿದ ಜಾಗ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಜೋಡಿ ಗುಡಿ, ಎರಡರ ಮುಂದೂ ನಂದಿ ಮಂಟಪ. ತೆಂಕಣ ನಂದಿಯ ಹಿಂದೆ ಮಾತ್ರ ಸೂರ್ಯನ ಗುಡಿಯಿದೆ. ಪಡುವಣದ ಹಿಂಬದಿಗೆ ಬಂದಾಗ ‘ಸೂರ್ಯ ಯಾವ ಕಡೆ? ಕೆರೆ ಯಾವ ಕಡೆ?’ ಎಂದು ಕೇಳಿ ಕೈ ತೋರಿಸಲಿ. ಬೇಲೂರಿನಲ್ಲಾದರೆ ಚೆನ್ನಕೇಶವನ ಜಗತಿಯ ಮೇಲೆ ಸುತ್ತುವಾಗ ಕಪ್ಪೆಚೆನ್ನಿಗರಾಯನ ಗುಡಿ ಎತ್ತ ಎಂದು ಕೇಳಬಹುದು. ಬಿಸಿಲೇರುವ ಮೊದಲು ಹೋಗಿ, ಕಾದ ಕಲ್ಲಿನ ಮೇಲೆ ಬರಿಗಾಲು ಸುಡುತ್ತದೆ. ಮೆಟ್ಟಿಲಿನಲ್ಲಿ ಕೈ ಹಿಡಿದಿರಿ. ಈಗಾಗಲೇ ದಾರಿ ತಪ್ಪುವ ತೊಂದರೆ ಇರುವವರನ್ನು ‘ನೋಡೋಣ, ಬರ್ತಾರಾ’ ಎಂದು ಒಂಟಿಯಾಗಿ ಬಿಟ್ಟು ಪರೀಕ್ಷಿಸುವುದು ಆಟವಲ್ಲ, ಅಪಾಯ.

ಆ್ಯಪ್ ಕೊಳ್ಳುವ ಮುನ್ನ

ಆಟದಿಂದ ಆಗುವುದೆಷ್ಟು, ಆಗದ್ದೆಷ್ಟು ಎಂಬುದರಲ್ಲಿ ಪುರಾವೆ ಮಿಶ್ರವಾಗಿದೆ. 2010ರಲ್ಲಿ ಬ್ರಿಟನ್ನಿನಲ್ಲಿ 11,430 ಜನ ಆರು ವಾರ ಮಿದುಳಿನ ಆಟ ಆಡಿದರು. ಆಡಿದ ಆಟದಲ್ಲಿ ಪಳಗಿದರೇ ಹೊರತು ಬೇರೆ ಸಾಮರ್ಥ್ಯಗಳಿಗೆ ಅದು ಹರಡಲಿಲ್ಲ. ಅಮೆರಿಕದಲ್ಲಿ 65 ದಾಟಿದ 2,832 ಮಂದಿಯ ಮೇಲೆ ನಡೆದ ‘ಆ್ಯಕ್ಟಿವ್’ ಅಧ್ಯಯನದಲ್ಲಿ ಮಾತ್ರ, ಕಣ್ಣಂಚಿನಲ್ಲಿ ಸುಳಿದದ್ದನ್ನು ಬೇಗ ಗುರುತಿಸುವ ತರಬೇತಿ ಪಡೆದವರಿಗೆ ಹತ್ತು ವರ್ಷದ ನಂತರ ಡಿಮೆನ್ಷಿಯಾ ಬರುವ ಸಾಧ್ಯತೆ 29% ಕಡಿಮೆ ಎಂದು 2017ರಲ್ಲಿ ವರದಿಯಾಯಿತು. ನೆನಪಿನ ತರಬೇತಿ ಪಡೆದ ಗುಂಪಿಗೆ ಆ ಲಾಭ ಕಾಣಲಿಲ್ಲ. ಫಲ ಕೊಟ್ಟ ಆ ಬೇಗ ಗುರುತಿಸುವ ತರಬೇತಿಯೂ ಆಡುವವರ ಅಳತೆಗೆ ತಕ್ಕಂತೆ ಏರಿಳಿಯುವಂಥದ್ದೇ ಆಗಿತ್ತು. ಜಾಹೀರಾತಿನವರು ಈ ಒಂದು ಅಧ್ಯಯನ ಹಿಡಿದು ಎಲ್ಲ ಆಟಕ್ಕೂ ಅದೇ ಫಲವೆನ್ನುತ್ತಾರೆ. ಮರೆವು ತಡೆಯುತ್ತೇವೆ ಎಂದು ಪುರಾವೆಯಿಲ್ಲದೆ ಹೇಳಿಕೊಂಡ ಲುಮಾಸಿಟಿ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಆದ್ದರಿಂದ ಕೊಳ್ಳುವುದಾದರೆ ಇಷ್ಟು ನೋಡಿ. ಸೂಚನೆ ಕನ್ನಡದಲ್ಲಿ, ಧ್ವನಿಯಲ್ಲಿ ಬರುತ್ತದೆಯೇ? ಅಂಕ ಬೀಳುವ ಮೊದಲು ಅಭ್ಯಾಸದ ಸುತ್ತು ಇದೆಯೇ? ದುಡಿದು ಕಾಯಿಕಟ್ಟಿದ, ಒಣಗಿದ ಬೆರಳಿಗೆ ಪರದೆ ಎಷ್ಟೋ ಸಲ ಸ್ಪಂದಿಸುವುದಿಲ್ಲ. ವೇಗಕ್ಕೆ ಅಂಕ ಕೊಡುವ ಆಟದಲ್ಲಿ ಆ ತಪ್ಪು ಮಿದುಳಿನ ಲೆಕ್ಕಕ್ಕೆ ಬೀಳುತ್ತದೆ. ಅಗ್ಗದ ಮೊಬೈಲಿನ ನಿಧಾನವೂ ಹಾಗೆಯೇ. ಆಧಾರ್, ಕಾಯಿಲೆ, ಔಷಧಿಯ ವಿವರ ಕೇಳುವ ಆಟವನ್ನು ಅಲ್ಲೇ ಅಳಿಸಿಹಾಕಿ. ‘ನಿಮ್ಮ ಮಿದುಳಿನ ವಯಸ್ಸು 82’ ಎಂದು ಹೆದರಿಸುವುದನ್ನೂ.

ವರ್ಷದ ಚಂದಾ ಕಟ್ಟುವ ಮೊದಲು ಕಿವಿ, ಕಣ್ಣು ತೋರಿಸಿ. 2024ರ ಲ್ಯಾನ್ಸೆಟ್ ಆಯೋಗ ಹೆಸರಿಸಿದ, ನಾವು ಸರಿಪಡಿಸಿಕೊಳ್ಳಬಹುದಾದ 14 ಅಪಾಯಗಳಲ್ಲಿ ಕಿವುಡುತನ, ದೃಷ್ಟಿದೋಷ, ಬಿಪಿ, ಸಕ್ಕರೆ ಕಾಯಿಲೆ, ಒಂಟಿತನ ಎಲ್ಲ ಸೇರಿವೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಗಳಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗುತ್ತದೆ. ಗೊತ್ತಿದ್ದ ಬೀದಿಯಲ್ಲೇ ದಾರಿ ತಪ್ಪುವುದು, ಒಂದೇ ಸಾಲವನ್ನು ಎರಡು ಸಲ ತೀರಿಸುವುದು, ಮಾಡಿ ರೂಢಿಯಿದ್ದ ಅಡುಗೆಯ ಕ್ರಮವೇ ಕಲಸಿಹೋಗುವುದು ಕಂಡರೆ ಯಾವ ಆಟಕ್ಕೂ ಕಾಯದೆ ವೈದ್ಯರನ್ನು ಕಾಣಿ. ಮಿದುಳಿನ ಆರೋಗ್ಯಕ್ಕಾಗಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಿ. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಹಿರಿಯ ನಾಗರಿಕರ ಸಹಾಯವಾಣಿ 14567. ಎರಡೂ ಉಚಿತ, ಎರಡರಲ್ಲೂ ಕನ್ನಡದಲ್ಲೇ ಮಾತಾಡಬಹುದು.